ಹಾಲಿನ ಸಕ್ಕರೆ, ಕರಿ ಬಿಯರ್: ಓದುಗರ ಪ್ರಶ್ನೆ, ನನ್ನ ಉತ್ತರ

ಮೊಸರು ಹುಳಿಯಾಯಿತು, ಇಡ್ಲಿ ಹಿಟ್ಟು ಉಬ್ಬಲಿಲ್ಲ, ಉಪ್ಪಿನಕಾಯಿಗೆ ಬೂಷ್ಟು ಬಂತು. ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಇಂಥವೇ. ಹೋದ ತಿಂಗಳು ಹುಳಿಹಿಟ್ಟಿನ ಬಗ್ಗೆ ಬರೆಯುವಾಗ ಒಂದು ಸಾಲು ಜಾಸ್ತಿ ಬರೆದುಬಿಟ್ಟೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಗಳ ಮನೆಯಲ್ಲಿ ಎರಡು ಚಳಿಗಾಲ ಕಳೆದಾಗ ಅಳಿಯನ ಜೊತೆ ಸೇರಿ ಸಿಹಿ ಸ್ಟೌಟ್ ಅನ್ನೋ ಕರಿ ಬಿಯರ್ ಮಾಡಿದ್ದೆ ಎಂದು. ಅಷ್ಟೇ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂಪಾದಕರು ಫೋನ್ ಮಾಡಿ ನಕ್ಕರು.

ಧಾರವಾಡದ ಹೆಂಗಸು, ವಯಸ್ಸು 67, ಡೇರಿ ಲ್ಯಾಬಿನಲ್ಲಿ 31 ವರ್ಷ ಹಾಲು ಅಳೆದವಳು, ಬಿಯರ್ ಮಾಡಿದಳು ಎಂದರೆ ಕೆಲವರಿಗೆ ನಗು, ಕೆಲವರಿಗೆ ಸಿಟ್ಟು. ಸಿಟ್ಟಿನ ಪತ್ರಗಳನ್ನು ಪೂರ್ತಿ ಓದಿದ್ದೇನೆ, ಡ್ರಾಯರಿನಲ್ಲಿ ಇಟ್ಟಿದ್ದೇನೆ. ಉಳಿದವಕ್ಕೆ ಉತ್ತರ ಇಲ್ಲಿದೆ. ನಾನು ಕುಡಿಯುವುದು ಅರ್ಧ ಲೋಟ. ನನಗೆ ಮಜಾ ಬರುವುದು ಮಾಡುವುದರಲ್ಲಿ.

ನನ್ನ ಮಗ ಲೀಡ್ಸ್‌ನಲ್ಲಿ ಓದುತ್ತಾನೆ. ರೂಮಿನಲ್ಲಿ ಗೆಳೆಯರ ಜೊತೆ ‘ಮಿಲ್ಕ್ ಸ್ಟೌಟ್’ ಮಾಡುತ್ತೇವೆ, ಎರಡು ಕೆಜಿ ಬೆಲ್ಲ ಕಳಿಸು ಅನ್ನುತ್ತಾನೆ. ಬಿಯರ್‌ಗೆ ಹಾಲು ಸುರಿಯುತ್ತಾರಾ? ಬೆಲ್ಲ ಕಳಿಸಲಾ ಬೇಡವಾ?
— ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಮೊದಲು ಹಾಲಿನ ವಿಷಯ. ಸುರಿಯುವುದಿಲ್ಲ. ಸುರಿದರೆ ಒಡೆಯುತ್ತದೆ. ಹಾಲಿನ ಕೇಸೀನ್ ಅನ್ನೋ ಪ್ರೊಟೀನು ಗಟ್ಟಿಯಾಗುವುದು ಹುಳಿಯ ಅಳತೆ, ಅಂದರೆ ಪಿಎಚ್, 4.6ಕ್ಕೆ ಇಳಿದಾಗ. ಬಿಯರ್ ಅದಕ್ಕಿಂತ ಹುಳಿ. ಲಿಂಬೆಹಣ್ಣು ಹಿಂಡಿದ ಹಾಗೆ ಪನೀರ್ ಆಗಿ ತಳಕ್ಕೆ ಕೂರುತ್ತದೆ. ಜೊತೆಗೆ ಹಾಲಿನ ಕೊಬ್ಬು ನೊರೆಯನ್ನು ಕೊಂದುಬಿಡುತ್ತದೆ.

ಹಾಕುವುದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡಿದಾಗ ಹಳದಿ–ಹಸಿರು ನೀರು ಉಳಿಯುತ್ತದಲ್ಲ, ಆ ಹಾಲೊಡಕಿನಿಂದ ತೆಗೆದ ಬಿಳಿ ಪುಡಿ ಅದು. ಒಂದು ಲೀಟರ್ ಹಾಲಿನಲ್ಲಿ ಹತ್ತಿರ ಹತ್ತಿರ 48 ಗ್ರಾಂ ಇರುತ್ತದೆ. ಇಪ್ಪತ್ತು ಲೀಟರ್ ಬಿಯರ್‌ಗೆ ನಾವು 400 ಗ್ರಾಂ ಹಾಕುತ್ತಿದ್ದೆವು. ಎಂಟು ಲೀಟರ್ ಹಾಲಿನ ಸಿಹಿ ಎಂದುಕೊಳ್ಳಿ.

ಇಂಥ ಬಿಯರ್ ಇಂಗ್ಲೆಂಡಿನಲ್ಲಿ 1907ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಕೆಂಟ್ ಪ್ರಾಂತ್ಯದ ಮ್ಯಾಕಿಸನ್ ಅನ್ನೋ ಬ್ರೂವರಿಯದು. ಬಾಟಲಿಯ ಚೀಟಿಯ ಮೇಲೆ ಹಾಲಿನ ಕ್ಯಾನಿನ ಚಿತ್ರ. ಜನ ಹಾಲೇ ಇದೆ ಎಂದು ನಂಬಿಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ರಿಟನ್ ಸರ್ಕಾರ ಚೀಟಿಯಿಂದ ‘ಮಿಲ್ಕ್’ ಪದ ತೆಗೆಸಿತು. ‘ಸಿಹಿ ಸ್ಟೌಟ್’ ಎಂದು ಕರೆಯುವುದು ಗಟ್ಟಿಯಾದದ್ದು ಆಮೇಲೆ. ಡೇರಿಯಲ್ಲಿ ಇದ್ದವಳಿಗೆ ಇದು ಸರಿ ಅನ್ನಿಸುತ್ತದೆ. ಹಾಲು ಎಂದು ಬರೆದರೆ ಹಾಲು ಇರಬೇಕು.

ಈಗ ಬೆಲ್ಲ. ಇಲ್ಲಿ ನಿಮ್ಮ ಮಗ ಎಡವುತ್ತಾನೆ. ನಾನೂ ಎಡವಿದ್ದೇ ಇಲ್ಲೇ.

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗಾಳಿ ಬಿಡುತ್ತದೆ. ಬೆಲ್ಲ ಅಂದರೆ ಬಹುಪಾಲು ಕಬ್ಬಿನ ಸಕ್ಕರೆ. ಯೀಸ್ಟಿಗೆ ಅದು ಹೋಳಿಗೆ ಊಟ. ಒಂದು ಚೂರೂ ಬಿಡುವುದಿಲ್ಲ. ಎರಡು ಕೆಜಿ ಬೆಲ್ಲ ಹಾಕಿದರೆ ಬಿಯರ್ ಸಿಹಿ ಆಗುವುದಿಲ್ಲ. ಆಲ್ಕೋಹಾಲ್ ಏರುತ್ತದೆ, ಬಾಯಲ್ಲಿ ನೀರು ನೀರಾಗುತ್ತದೆ. ಲ್ಯಾಕ್ಟೋಸ್ ಹಾಗಲ್ಲ. ಬಿಯರ್ ಯೀಸ್ಟಿಗೆ ಅದನ್ನು ಒಡೆಯುವ ಕಿಣ್ವವೇ ಇಲ್ಲ. ಹಾಕಿದ್ದು ಹಾಕಿದ ಹಾಗೇ ಉಳಿಯುತ್ತದೆ. ಈ ಬಿಯರ್‌ನಲ್ಲಿ ಸಿಹಿ ಎಂದರೆ ಯೀಸ್ಟ್ ತಿನ್ನದೆ ಬಿಟ್ಟದ್ದು. ಸಾಮಾನು ಆರಿಸುವಾಗ ಕೇಳಬೇಕಾದ್ದು ಒಂದೇ: ಇದನ್ನು ಯೀಸ್ಟ್ ತಿನ್ನುತ್ತದಾ?

ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಮೊದಲ ಸಲ ಮಾಡಿದ ಬಿಯರ್ ಬಾಟಲಿಗೆ ತುಂಬುವಾಗ ರುಚಿ ನೋಡಿದೆ, ಕಹಿ ಅನ್ನಿಸಿತು. ಮಗಳ ಡಬ್ಬಿಯಲ್ಲಿ ಊರಿನ ಬೆಲ್ಲ ಇತ್ತು. ಅಳಿಯ ಬೇಡ ಅಂದ. ಅವನು ಗದಗಿನ ಹುಡುಗ, ಅತ್ತೆಗೆ ಜೋರಾಗಿ ಬೇಡ ಅನ್ನಲು ಬಾಯಿ ಬರಲಿಲ್ಲ. ಒಂದೊಂದು ಬಾಟಲಿಗೆ ಲಿಂಬೆಕಾಯಿ ಗಾತ್ರದ ಚೂರು ಹಾಕಿ ಮುಚ್ಚಳ ಬಿಗಿದೆ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಟ್ಟೆವು. ಹನ್ನೊಂದನೇ ದಿನ ರಾತ್ರಿ ಎರಡು ಗಂಟೆಗೆ ‘ಢಂ’. ಮಗಳು ಕಳ್ಳ ಬಂದ ಎಂದು ಎದ್ದಳು. ಒಂದರ ಹಿಂದೆ ಒಂದು ಏಳು ಬಾಟಲಿ. ಕಪಾಟಿನ ಬಾಗಿಲಲ್ಲಿ ಗಾಜಿನ ಚೂರು ನೆಟ್ಟಿತ್ತು. ಯಾರಾದರೂ ಅಲ್ಲಿ ಚಪ್ಪಲಿ ಹುಡುಕುತ್ತಾ ಬಗ್ಗಿದ್ದರೆ? ಈಗ ನೆನೆದರೂ ಕೈ ತಣ್ಣಗಾಗುತ್ತದೆ. ಬೆಲ್ಲ ಸಿಹಿ ಕೊಡಲಿಲ್ಲ, ಬಾಟಲಿ ಒಳಗೆ ಗಾಳಿ ಕೊಟ್ಟಿತು. ಗಾಳಿ ಹಿಡಿಸಲು ಬಾಟಲಿಗೆ ಸಕ್ಕರೆ ಹಾಕುವುದು ಹೌದು. ಆದರೆ ಲೀಟರಿಗೆ 5 ಗ್ರಾಂ, ತೂಗಿ ಹಾಕಬೇಕು. ಚಿಟಿಕೆ, ಲಿಂಬೆಕಾಯಿ ಲೆಕ್ಕ ನಡೆಯುವುದಿಲ್ಲ.

ನೀವು ಬೆಲ್ಲ ಕಳಿಸಿ. ಹೋಳಿಗೆಗೆ ಆಗುತ್ತದೆ. ಕಾಳು ನೆನೆಸಿ ಸೋಸಿದ ರಸ ಕುದಿಯುವಾಗ 200 ಗ್ರಾಂ ಹಾಕಿದರೆ ಘಮಕ್ಕೆ ತೊಂದರೆ ಇಲ್ಲ. ಆದರೆ ಅದು ಸಿಹಿಗಲ್ಲ ಎಂದು ಹೇಳಿ. ಇನ್ನೊಂದು ಮಾತೂ ಹೇಳಿ. ಹಾಲು ಕುಡಿದರೆ ಹೊಟ್ಟೆ ಉಬ್ಬುವ ಗೆಳೆಯ ಇದ್ದರೆ ಅವನಿಗೆ ಮೊದಲೇ ತಿಳಿಸಬೇಕು. ಲ್ಯಾಕ್ಟೋಸ್ ಪೂರ್ತಿ ಹಾಗೇ ಉಳಿದಿರುತ್ತದೆ. ಹಾಲಿನದೇನೂ ಮುಟ್ಟದ ವೀಗನ್ ಗೆಳೆಯರಿಗೂ ಹೇಳಬೇಕು.

ಕೆಲಸಕ್ಕೆಂದು ಮ್ಯಾಂಚೆಸ್ಟರಿಗೆ ಬಂದು ಆರು ತಿಂಗಳು. ಇಲ್ಲಿ ಬಿಯರ್ ಸಾಮಾನಿನ ಅಂಗಡಿಗೆ ಹೋದರೆ ಕ್ರಿಸ್ಟಲ್, ಚಾಕೊಲೇಟ್, ಬ್ಲ್ಯಾಕ್, ರೋಸ್ಟೆಡ್ ಬಾರ್ಲಿ ಎಂದು ಹತ್ತು ಚೀಲ. ಯಾವುದು ಎಷ್ಟು? ಲೆಕ್ಕ ಸಮೇತ ಹೇಳಿ.
— ಗದಗಿನ ಯುವಕ

ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಕೂಸಿಗೆ ಅಂಬಲಿ ಮಾಡುತ್ತಾರಲ್ಲ, ಮಾಲ್ಟ್ ಅಂದರೆ ಅದೇ. ರಾಗಿ ಬದಲು ಜವೆಗೋದಿ. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವ ಹುಟ್ಟುತ್ತದೆ. ಬಿಸಿ ನೀರಿನಲ್ಲಿ ಅದು ಪಿಷ್ಟವನ್ನು ಸಕ್ಕರೆ ಮಾಡುತ್ತದೆ.

ಬುನಾದಿಗೆ ಹಾಕುವುದು ತೆಳು ಬಣ್ಣದ ಪೇಲ್ ಮಾಲ್ಟ್. ಅನ್ನ ಇದ್ದ ಹಾಗೆ. ಸಿಕ್ಕರೆ ಮ್ಯಾರಿಸ್ ಆಟರ್ ತಳಿಯದು ತೆಗೆದುಕೊಳ್ಳಿ, ಬಿಸ್ಕತ್ತಿನಂಥ ರುಚಿ ಇದೆ. ಸ್ವಲ್ಪ ತುಟ್ಟಿ. ಇದರ ಮೇಲೆ ಬೀಳುವ ಕರಿ ಕಾಳುಗಳೇ ಸಾರು. ಜನ ಕೆಡಿಸುವುದು ಅಲ್ಲೇ.

ಕ್ರಿಸ್ಟಲ್ ಮಾಲ್ಟಿನಿಂದ ಶುರು ಮಾಡೋಣ. ಒದ್ದೆ ಇರುವಾಗಲೇ ಬಿಸಿ ಮಾಡುತ್ತಾರೆ. ಕಾಳಿನ ಒಳಗೇ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲೆ ಹುರಿಯುತ್ತಾರೆ. ಒಂದು ಕಾಳು ಬಾಯಿಗೆ ಹಾಕಿ ಕಡಿಯಿರಿ. ಗಾಜಿನ ಹಾಗೆ ಕಟ್ಟೆಂದು ಒಡೆಯುತ್ತದೆ, ಆಮೇಲೆ ಫೇಡೆಯ ಅಂಚು ನೆಕ್ಕಿದ ರುಚಿ. ಇದರ ಸಕ್ಕರೆಯಲ್ಲಿ ಒಂದಷ್ಟನ್ನು ಯೀಸ್ಟ್ ತಿನ್ನಲಾರದು. ನಮಗೆ ಬೇಕಾದದ್ದು ಅದೇ.

ಚಾಕೊಲೇಟ್ ಮಾಲ್ಟಿನಲ್ಲಿ ಚಾಕೊಲೇಟ್ ಇಲ್ಲ. ಬಣ್ಣ ಹಾಗಿರುತ್ತದೆ, ವಾಸನೆ ಕೋಕೋ ಇದ್ದ ಹಾಗೆ. ರೋಸ್ಟೆಡ್ ಬಾರ್ಲಿ ಮಾಲ್ಟೇ ಅಲ್ಲ. ಮೊಳಕೆ ಬರಿಸದ ಹಸಿ ಜವೆಗೋದಿಯನ್ನು ಕಾಫಿ ಬೀಜದ ಹಾಗೆ ಹುರಿದದ್ದು. ರುಚಿಯೂ ಕಾಫಿಯದೇ, ಚೂಪು. ಬ್ಲ್ಯಾಕ್ ಮಾಲ್ಟ್ ಇದಕ್ಕಿಂತಲೂ ಕಪ್ಪು, ಇದ್ದಿಲಿಗೆ ಹತ್ತಿರ. 1817ರಲ್ಲಿ ಡ್ಯಾನಿಯಲ್ ವೀಲರ್ ಅನ್ನೋ ಇಂಗ್ಲಿಷಿನವನು ಇದನ್ನು ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಈಗಲೂ ಕೆಲವರು ಬ್ಲ್ಯಾಕ್ ಮಾಲ್ಟನ್ನು ‘ಪೇಟೆಂಟ್ ಮಾಲ್ಟ್’ ಅನ್ನುತ್ತಾರೆ. ಸಿಹಿ ಸ್ಟೌಟಿಗೆ ಅದು ಬೇಡ. ನನ್ನ ಅಭಿಪ್ರಾಯ ಅಷ್ಟೇ, ಹಾಕುವವರು ಇದ್ದಾರೆ.

ಇಪ್ಪತ್ತು ಲೀಟರಿಗೆ ನಮ್ಮ ಲೆಕ್ಕ ಹೀಗಿತ್ತು. ಪೇಲ್ ಮಾಲ್ಟ್ 3.6 ಕೆಜಿ, ಕ್ರಿಸ್ಟಲ್ 350 ಗ್ರಾಂ, ಚಾಕೊಲೇಟ್ 250, ರೋಸ್ಟೆಡ್ ಬಾರ್ಲಿ 200, ಓಟ್ಸ್ ಅವಲಕ್ಕಿ 300. ಕೊನೆಗೆ ಲ್ಯಾಕ್ಟೋಸ್ 400. ಓಟ್ಸ್ ಬಾಯಿಗೆ ರೇಷ್ಮೆ ಹಚ್ಚುತ್ತದೆ. ಅಂಗಡಿಯ ಸಾದಾ ಓಟ್ಸ್ ಸಾಕು, ಮಸಾಲೆಯದು ತರಬೇಡಿ. ಮೊದಲ ಸಲ ನಾವು ರೋಸ್ಟೆಡ್ ಬಾರ್ಲಿ ಅರ್ಧ ಕೆಜಿ ಸುರಿದಿದ್ದೆವು. ಹೊತ್ತಿದ ಕಾಫಿಗೆ ಸಕ್ಕರೆ ಹಾಕಿದ ಹಾಗಾಯಿತು. ನಾನು ಬೆಲ್ಲ ಹಾಕಲು ಹೋದದ್ದೂ ಅದಕ್ಕೇ. ಲ್ಯಾಕ್ಟೋಸಿನ ಸಿಹಿ ಬಹಳ ಮೆತ್ತಗೆ, ಸಕ್ಕರೆಯ ಆರನೇ ಒಂದು ಪಾಲು ಅಷ್ಟೇ. ಜಾಸ್ತಿ ಸುಟ್ಟ ಕಾಳಿನ ಕಹಿಯನ್ನು ಅದು ಮುಚ್ಚಲಾರದು. ಆದ್ದರಿಂದ ಲ್ಯಾಕ್ಟೋಸ್ ಏರಿಸಬೇಡಿ, ಸುಟ್ಟದ್ದನ್ನು ಇಳಿಸಿ.

ಇದನ್ನೆಲ್ಲ ಹದವಾಗಿ ಒಡೆದು 68 ಡಿಗ್ರಿ ನೀರಿನಲ್ಲಿ ಒಂದು ತಾಸು ಇಡಬೇಕು. ಕಾಳು ತಣ್ಣಗಿರುತ್ತದೆ, ಆದ್ದರಿಂದ ನೀರನ್ನು ಇನ್ನೂ ಐದಾರು ಡಿಗ್ರಿ ಬಿಸಿ ಇಟ್ಟು ಶುರು ಮಾಡಿ. ಅದೇ 64ರಲ್ಲಿ ಇಟ್ಟರೆ ಯೀಸ್ಟ್ ತಿನ್ನುವ ಸಕ್ಕರೆ ಜಾಸ್ತಿ ಹುಟ್ಟುತ್ತದೆ, ಬಿಯರ್ ಒಣ ಒಣ. ನಾಲ್ಕು ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ. ಲ್ಯಾಬಿನ ಥರ್ಮಾಮೀಟರ್ ನಾನು ಸೀರೆಯ ಮಡಿಕೆಯಲ್ಲಿ ಸುತ್ತಿಕೊಂಡು ಹೋಗಿದ್ದೆ, ಉಪಯೋಗಕ್ಕೆ ಬಂತು.

ಕಾಳು ಸೋಸಿ ಉಳಿದ ಸಿಹಿ ರಸವನ್ನು ಕುದಿಸಬೇಕು. ಅದಕ್ಕೆ ಹಾಪ್ಸ್, ಅಂದರೆ ಕಹಿ ಕೊಡುವ ಒಣ ಹೂ, ಕಡಿಮೆ ಸಾಕು. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 45 ಗ್ರಾಂ, ಒಂದು ತಾಸಿನ ಕುದಿಯ ಶುರುವಿನಲ್ಲಿ. ಫಗಲ್ ಆದರೂ ನಡೆಯುತ್ತದೆ. ಮಾವಿನಹಣ್ಣು, ಮೋಸಂಬಿ ವಾಸನೆಯ ಅಮೆರಿಕದ ಹಾಪ್ಸ್ ಈ ಬಿಯರಿಗೆ ಬೇಡ. ಲ್ಯಾಕ್ಟೋಸ್ ಕುದಿ ಮುಗಿಯಲು ಹತ್ತು ನಿಮಿಷ ಇರುವಾಗ ಹಾಕಿ. ಒಮ್ಮೆಲೇ ಸುರಿದರೆ ತಳಕ್ಕೆ ಹತ್ತುತ್ತದೆ. ಬೇರೆ ಪಾತ್ರೆಯಲ್ಲಿ ಬಿಸಿ ರಸದಲ್ಲಿ ಕಲಸಿ ಹಾಕಿ, ಕಡುಬಿನ ಹಿಟ್ಟಿಗೆ ಗಂಟು ಕಟ್ಟದ ಹಾಗೆ ಕಲಸುತ್ತಾರಲ್ಲ ಹಾಗೆ.

ಇನ್ನು ಅಳತೆ. ಅಳಿಯ ಹೈಡ್ರೋಮೀಟರ್ ತೋರಿಸಿದಾಗ ನನಗೆ ನಗು ಬಂತು. ಅದು ನನ್ನ ಲ್ಯಾಕ್ಟೋಮೀಟರಿನ ಅಣ್ಣ! ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು 31 ವರ್ಷ ಅದನ್ನೇ ತೇಲಿಬಿಟ್ಟಿದ್ದೇನೆ. ಹಾಲಿನಲ್ಲಿ ‘28’ ಎಂದರೆ ಸಾಂದ್ರತೆ 1.028. ನನ್ನ ಲ್ಯಾಕ್ಟೋಮೀಟರ್ 40ಕ್ಕೇ ಮುಗಿಯುತ್ತದೆ. ಈ ರಸ 56 ತೋರಿಸಿತು, ಅಂದರೆ 1.056. ಹುದುಗಿದ ಮೇಲೆ ಬೇರೆ ಬಿಯರ್ 1.012ರ ಹತ್ತಿರ ಇಳಿಯುತ್ತದೆ. ಇದು 1.021ಕ್ಕೆ ನಿಂತುಬಿಟ್ಟಿತು. ಅಳಿಯ ಗಾಬರಿಯಾಗಿ ಇನ್ನೊಂದು ಪೊಟ್ಟಣ ಯೀಸ್ಟ್ ತರಲು ಕೋಟು ಹಾಕಿಕೊಂಡ. ಕೂರು ಅಂದೆ. ಲ್ಯಾಕ್ಟೋಸ್ ಒಂದೇ ಏಳು ಪಾಯಿಂಟ್, ಅಂದರೆ 0.007, ಹಿಡಿದುಕೊಂಡಿರುತ್ತದೆ, ಅದು ಇಳಿಯುವುದೇ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಅಳೆದೆವು, ಅದೇ 1.021. ಮುಗಿದಿದೆ ಎಂದರ್ಥ. ಆಲ್ಕೋಹಾಲ್ ನೂರಕ್ಕೆ ನಾಲ್ಕೂವರೆಯ ಆಸುಪಾಸು.

ಪಾತ್ರೆ, ಪೈಪು, ಬಾಟಲಿ ಸ್ಯಾನಿಟೈಸರಿನಲ್ಲಿ ತೊಳೆಯದೆ ಮುಟ್ಟಬೇಡಿ. ಯೀಸ್ಟಿಗೆ ಲ್ಯಾಕ್ಟೋಸ್ ಬೇಡದಿದ್ದರೂ ಮೊಸರಿನ ಜಾತಿಯ ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಒಳಗೆ ಹೊಕ್ಕರೆ ಕರಿ ಮಜ್ಜಿಗೆ ಕುಡಿಯಬೇಕಾಗುತ್ತದೆ.

ನಮ್ಮ ಬೋರ್ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ. ಲಂಡನ್ನಿನಲ್ಲಿರುವ ತಮ್ಮ ಅಲ್ಲಿಯ ನೀರೂ ಹಾಗೇ, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಅನ್ನುತ್ತಾನೆ. ಅದರಲ್ಲಿ ಬಿಯರ್ ಮಾಡಬಹುದಾ?
— ಮುಂಡರಗಿಯ ಶಿಕ್ಷಕರು

ಕರಿ ಬಿಯರಿಗೆ ಅದೇ ಒಳ್ಳೆಯದು. ಸುಟ್ಟ ಕಾಳು ಹುಳಿ ಬಿಡುತ್ತದೆ. ನೀರಿನ ಬೈಕಾರ್ಬೊನೇಟ್ ಆ ಹುಳಿಯನ್ನು ತಡೆಯುತ್ತದೆ. ಲಂಡನ್ನಿನಲ್ಲಿ, ಡಬ್ಲಿನ್ನಿನಲ್ಲಿ ಕರಿ ಬಿಯರ್ ಹೆಸರು ಮಾಡಲು ಆ ನೀರೂ ಒಂದು ಕಾರಣ. ಲೀಡ್ಸ್ ನೀರು ಮೆದು. ಅಲ್ಲಿ ನಾವು ಕಾಳು ನೆನೆಸುವ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕುತ್ತಿದ್ದೆವು. ಕಡಲೆ ಬೇಯಲು ಹಾಕುತ್ತೀರಲ್ಲ, ಅದೇ ಸೋಡಾ. ಜಾಸ್ತಿಯಾದರೆ ಸಾಬೂನಿನ ರುಚಿ.

ನಲ್ಲಿ ನೀರಿನ ಕ್ಲೋರಿನ್ ಮಾತ್ರ ತೆಗೆಯಬೇಕು. ಇಲ್ಲದಿದ್ದರೆ ಬಿಯರ್ ಡೆಟಾಲ್ ವಾಸನೆ ಹೊಡೆಯುತ್ತದೆ. ಕ್ಯಾಂಪ್ಡೆನ್ ಅನ್ನೋ ಗುಳಿಗೆ ಸಿಗುತ್ತದೆ, ಅರ್ಧ ಪುಡಿ ಮಾಡಿ ಕಲಕಿದರೆ ಸಾಕು. ನಮ್ಮಲ್ಲಿ ನಲ್ಲಿ ಬಂದ ದಿನ ಹಿಡಿದ ನೀರು ಮುಂದಿನ ಸಲ ಬರುವ ತನಕ ಡ್ರಮ್ಮಿನಲ್ಲೇ ಇರುತ್ತದೆ, ಕ್ಲೋರಿನ್ ತಾನೇ ಹಾರಿಹೋಗುತ್ತದೆ. ಹುಬ್ಬಳ್ಳಿ–ಧಾರವಾಡದವರಿಗೆ ಅದೊಂದು ಲಾಭ!

ನಿಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೆ ಗೊತ್ತೇ ಇದೆ. ಅದು ಕುದಿಸಿದರೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡಿ, ಬಿಯರಿಗಿಂತ ಅದು ದೊಡ್ಡದು.

ಬೇಕರಿ ಯೀಸ್ಟ್ ನಡೆಯುವುದಿಲ್ಲವೇ?
— ಉಣಕಲ್ ಕಡೆಯ ಓದುಗರು

ಆಲ್ಕೋಹಾಲ್ ಆಗುತ್ತದೆ. ಬಿಯರ್ ಆಗುವುದಿಲ್ಲ. ಬ್ರೆಡ್ಡಿನ ಯೀಸ್ಟ್ ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಲೋಟಕ್ಕೆ ಬರುತ್ತದೆ, ಹಸಿ ಹಿಟ್ಟಿನ ವಾಸನೆ. ಇಂಗ್ಲಿಷ್ ಏಲ್ ಯೀಸ್ಟ್ ಹಾಕಬೇಕು. ಎಸ್–04 ಎಂದು ಕೇಳಿದರೆ 11.5 ಗ್ರಾಂ ಪೊಟ್ಟಣ ಕೊಡುತ್ತಾರೆ. 18ರಿಂದ 20 ಡಿಗ್ರಿಯಲ್ಲಿ ಇಡಿ. ಚಳಿಗಾಲದಲ್ಲಿ ನಾವು ಡಬ್ಬಕ್ಕೆ ನನ್ನ ಕೌದಿ ಹೊದಿಸಿದ್ದೆವು.

ನಮ್ಮದು ಮೆಣಸಿನಕಾಯಿ ಊರು. ಮೆಣಸಿನಕಾಯಿ ಹಾಕಿದ ಸ್ಟೌಟ್ ಅಮೆರಿಕದಲ್ಲಿ ಕುಡಿದೆ ಎಂದು ಅಣ್ಣ ಹೇಳಿದ. ನಮ್ಮ ಕಾಯಿ ಹಾಕಿದರೆ ಹೇಗೆ?
— ಬ್ಯಾಡಗಿಯ ವ್ಯಾಪಾರಿ

ನಿಮ್ಮ ಅಭಿಮಾನಕ್ಕೆ ನಮಸ್ಕಾರ. ಆದರೆ ಸ್ವಲ್ಪ ಯೋಚನೆ ಮಾಡಿ. ಬ್ಯಾಡಗಿ ಕಾಯಿಯ ಹೆಸರು ಯಾತಕ್ಕೆ? ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. ಸ್ಟೌಟೋ, ಡಾಂಬರಿನಷ್ಟು ಕಪ್ಪು. ಇಡೀ ಒಂದು ಚೀಲ ಸುರಿದರೂ ಕೆಂಪು ಕಾಣುವುದಿಲ್ಲ. ದುಡ್ಡು ಕೊಟ್ಟು ಕೊಂಡ ಬಣ್ಣ ಕತ್ತಲೆಗೆ ಹೋಯಿತು.

ಆದರೂ ನಾನು ಹಾಕಿ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಬಣ್ಣ ಬಿಟ್ಟರೆ ಆ ಕಾಯಿಗೆ ಇನ್ನೊಂದು ಗುಣ ಇದೆ, ಒಣದ್ರಾಕ್ಷಿಯಂಥ ಸಣ್ಣ ಸಿಹಿ ಘಮ. ಬ್ಯಾಡಗಿಯದೇ ಡಬ್ಬಿ ಅನ್ನೋ ಜಾತಿಯ ಕಾಯಿ ನಾಲ್ಕು ತೆಗೆದುಕೊಂಡು ಬೀಜ ಉದುರಿಸಿ, ಹಂಚಿನ ಮೇಲೆ ಎಣ್ಣೆ ಇಲ್ಲದೆ ಬೆಚ್ಚಗೆ ಮಾಡಿ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆ. ಹುದುಗುವುದು ಮುಗಿದ ಮೇಲೆ ಡಬ್ಬಕ್ಕೆ ಬಿಟ್ಟೆ. ಮೂರನೇ ದಿನ ತೆಗೆದೆ. ಗುಟುಕು ಇಳಿದ ಮೇಲೆ ಗಂಟಲಿನಲ್ಲಿ ಬೆಚ್ಚಗಾಯಿತು. ಅಳಿಯನಿಗೆ ಬಹಳ ಹಿಡಿಸಿತು. ನನಗೆ ಅದು ಬಸ್ಸಾರಿನ ತಳದ ನೆನಪು ತಂದಿತು. ನೊರೆ ಮಾತ್ರ ಬೇಗ ಕುಸಿಯಿತು, ಕಾಯಿಯಲ್ಲೂ ಸ್ವಲ್ಪ ಎಣ್ಣೆ ಇರುತ್ತದಲ್ಲ. ಹಾವೇರಿ ಏಲಕ್ಕಿ ಹಾಕಬಹುದಾ ಎಂದೂ ಇನ್ನೊಬ್ಬರು ಕೇಳಿದ್ದಾರೆ. ಇಪ್ಪತ್ತು ಲೀಟರಿಗೆ ಎರಡೇ ಎರಡು. ಮೂರಾದರೆ ಪಾಯಸ.

ಧಾರವಾಡ ಫೇಡೆ ಹಾಕಿ ಸ್ಟೌಟ್ ಮಾಡಿದರೆ ಹೆಸರು ಬರುತ್ತದೆ ಅಲ್ವಾ ಅಕ್ಕಾವರೇ?
— ಕಾಲೇಜು ಹುಡುಗ, ಸಪ್ತಾಪುರ, ಧಾರವಾಡ

ಬರುತ್ತದೆ, ಕೆಟ್ಟ ಹೆಸರು. ಫೇಡೆ ಅಂದರೆ ಖೋವಾ. ಖೋವಾ ಅಂದರೆ ಕೊಬ್ಬು. ನೊರೆ ಹೋಗುತ್ತದೆ, ಕೆಲವೇ ದಿನದಲ್ಲಿ ಹಳೇ ತುಪ್ಪದ ವಾಸನೆ. ಆದರೆ ನಿನ್ನ ಮೂಗು ಸರಿ ಇದೆ ಮಗಾ. ಖೋವಾವನ್ನು ಸಣ್ಣ ಉರಿಯಲ್ಲಿ ಹೊತ್ತು ಹೊತ್ತು ಮಗುಚಿದಾಗ ಹಾಲಿನ ಸಕ್ಕರೆ ಮತ್ತು ಪ್ರೊಟೀನು ಸೇರಿ ಕಂದು ಬಣ್ಣ, ಆ ಘಮ ಬರುತ್ತದೆ. ಮಾಲ್ಟ್ ಹುರಿದಾಗ ಆಗುವುದೂ ಹೆಚ್ಚುಕಡಿಮೆ ಅದೇ ಕೆಲಸ. ಹಾಗಾಗಿ ಫೇಡೆ ಬಿಯರಿನ ಪಕ್ಕದ ತಟ್ಟೆಯಲ್ಲಿ ಇರಲಿ. ಲೀಡ್ಸ್‌ನಲ್ಲಿ ನಾವು ಹಾಗೇ ಇಟ್ಟೆವು. ಅಳಿಯನ ಆಫೀಸಿನವರು ಬಿಯರ್ ಬಿಟ್ಟು ಫೇಡೆಯ ವಿಳಾಸ ಕೇಳಿದರು.

ನನ್ನ ಅತ್ತೆಯ ತಮ್ಮ ಹಡಗಿನಲ್ಲಿ ಇದ್ದವರು. ಬಾಣಂತಿಗೆ ಹಾಲು ಇಳಿಯಲು ಇಂಗ್ಲೆಂಡಿನಲ್ಲಿ ಸ್ಟೌಟ್ ಕೊಡುತ್ತಾರೆ ಎಂದು ಹೇಳಿ ಒಂದು ಬಾಟಲಿ ತಂದಿದ್ದಾರೆ. ನನಗೆ ಎರಡು ತಿಂಗಳ ಕೂಸು. ಕುಡಿಯಬಹುದೇ?
— ಒಬ್ಬ ತಂಗಿ, ಹಾವೇರಿ

ಬೇಡ ತಂಗಿ. ಬಾಟಲಿ ಮುಚ್ಚಿಯೇ ಇರಲಿ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಿಹಿ ಸ್ಟೌಟನ್ನು ಅಲ್ಲಿ ಒಂದು ಕಾಲದಲ್ಲಿ ಕಾಯಿಲೆಯವರಿಗೆ, ಬಾಣಂತಿಯರಿಗೆ ಟಾನಿಕ್ ಎಂದು ಹೇಳಿ ಮಾರುತ್ತಿದ್ದರು. ಆದರೆ ಆಲ್ಕೋಹಾಲ್ ಹಾಲು ಇಳಿಸುವ ಹಾರ್ಮೋನನ್ನು ತಗ್ಗಿಸುತ್ತದೆ. ನೀವು ಕುಡಿದದ್ದು ಹಾಲಿನಲ್ಲೂ ಬರುತ್ತದೆ, ಕೂಸು ಹೊಟ್ಟೆ ತುಂಬ ಕುಡಿಯುವುದಿಲ್ಲ. ಅದರಲ್ಲಿರುವ ಹಾಲಿನ ಸಕ್ಕರೆಯಿಂದ ನಿಮ್ಮ ಹಾಲು ಹೆಚ್ಚುವುದೂ ಇಲ್ಲ. ಕೂಸಿಗೆ ಮತ್ತೆ ಮತ್ತೆ ಕುಡಿಸಿ, ಹೊಟ್ಟೆ ತುಂಬ ಉಣ್ಣಿ, ನಿದ್ದೆ ಮಾಡಿ. ಹಾಲು ಕಡಿಮೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ. ಮಾವನಿಗೆ ಬೇಜಾರಾಗದ ಹಾಗೆ ಅಂಟಿನುಂಡಿ ಕೊಟ್ಟು ಕಳಿಸಿ.

ಇಷ್ಟೆಲ್ಲ ಹೇಳಿದಿರಿ. ನಮ್ಮ ಮನೆಯ ಮಾಳಿಗೆಯಲ್ಲೇ ಮಾಡಿದರೆ ಏನಾಗುತ್ತದೆ? ಮಾರುವುದಿಲ್ಲ, ನಾಲ್ಕು ಜನ ಗೆಳೆಯರು ಅಷ್ಟೇ.
— ರಾಣೆಬೆನ್ನೂರಿನ ಓದುಗ

ಮಾಡಬೇಡಿ. ಬ್ರಿಟನ್ನಿನಲ್ಲಿ 1963ರಿಂದ ಮನೆಯಲ್ಲಿ ಕುಡಿಯಲು ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಡ, ಮಾರುವಂತಿಲ್ಲ ಅಷ್ಟೇ. ನಮ್ಮಲ್ಲಿ ಹಾಗಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾಲ್ಕು ಗೆಳೆಯರು, ಮಾಳಿಗೆ ಎಂದು ವಿನಾಯಿತಿ ಇಲ್ಲ. ನಾನು ಧಾರವಾಡಕ್ಕೆ ಬಂದ ಮೇಲೆ ಒಂದು ಲೋಟವೂ ಮಾಡಿಲ್ಲ. ಕೈ ತುರಿಸುತ್ತದೆ, ಆದರೂ ಮಾಡಿಲ್ಲ.

ಹುರಿಯುವುದಕ್ಕೆ ಮಾತ್ರ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಆ ಅರ್ಧ ಕೆಲಸವನ್ನು ನಾನು ಬಿಟ್ಟಿಲ್ಲ. ಮಾರ್ಕೆಟ್ಟಿನಿಂದ ಜವೆಗೋದಿ ಒಂದು ಬಟ್ಟಲು ತಂದು ತೊಳೆದು, ಬಟ್ಟೆಯ ಮೇಲೆ ಆರಿಸಿ, ದಪ್ಪ ಕಬ್ಬಿಣದ ಬಾಣಲೆಗೆ ಹಾಕುತ್ತೇನೆ. ಉರಿ ಸಣ್ಣ. ಕೈ ನಿಲ್ಲಿಸುವಂತಿಲ್ಲ. ಮೊದಲ ಐದು ನಿಮಿಷ ಹಸಿ ಹುಲ್ಲಿನ ವಾಸನೆ. ಆಮೇಲೆ ಪುಠಾಣಿ ಭಟ್ಟಿಯ ಮುಂದೆ ನಿಂತ ಹಾಗೆ. ಕಾಳು ಚಟ್ ಚಟ್ ಅನ್ನಲು ಶುರು, ಕೆಲವು ಬಾಣಲೆಯಿಂದ ಹಾರಿ ಸೀರೆ ಮೇಲೆ ಬೀಳುತ್ತವೆ. ಹದಿನೈದು ನಿಮಿಷಕ್ಕೆ ಬಿಸ್ಕತ್ತು, ಇಪ್ಪತ್ತಕ್ಕೆ ಕಾಫಿ. ಕಾಫಿ ಬಂತು ಅನ್ನುವಾಗಲೇ ಕೆಳಗಿಳಿಸಿ ಅಗಲವಾದ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಇದ್ದಿಲಾಗುತ್ತದೆ. ಎರಡು ಚಮಚ ಕಾಳು, ಅರ್ಧ ಲೀಟರ್ ನೀರು, ಹತ್ತು ನಿಮಿಷ ಕುದಿ, ಸೋಸಿ. ಮೇಲೆ ಗಟ್ಟಿ ಎಮ್ಮೆ ಹಾಲು, ಬೆಲ್ಲ. ಇಲ್ಲಿ ಯೀಸ್ಟ್ ಇಲ್ಲ, ಬೆಲ್ಲ ಹಾಕಿದಷ್ಟೂ ಸಿಹಿ.

ನಿನ್ನೆ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಾ ಎರಡು ನಿಮಿಷ ಜಾಸ್ತಿ ಹುರಿದುಬಿಟ್ಟೆ. ಎದುರು ಮನೆಯವರು ಓಡಿ ಬಂದು ಏನು ಸೀದಿತು ಎಂದು ಕೇಳಿದರು. ಕೂರಿಸಿ ಒಂದು ಲೋಟ ಕೊಟ್ಟೆ. ಕುಡಿದು, ಸ್ವಲ್ಪ ಹೊತ್ತು ಸುಮ್ನೆ ಇದ್ದು, ಇನ್ನೊಂದು ಚೂರು ಬೆಲ್ಲ ಇದ್ದರೆ ಕೊಡಿ ಅಂದರು.